ರಾಶಿ ಬಿದ್ದ ನಂಗು, ಉಸಿರು ಕಟ್ಟಿದ ಕಡಲತಳ

ಬೆಂಗಳೂರಿನ ಗೆಳೆಯನೊಬ್ಬ ಒಮ್ಮೆ ನನ್ನ ಜೊತೆ ಉಡುಪಿಯ ಮೀನು ಮಾರ್ಕೆಟ್ಟಿಗೆ ಬಂದಿದ್ದ. ಬುಟ್ಟಿ ಮುಂದೆ ಕೂತಿದ್ದ ಅಕ್ಕ ಅವನನ್ನು ನೋಡಿ, “ಅಣ್ಣ, ನಂಗ್ ಬೇಕಾ?” ಎಂದರು. ಅವನು ತಬ್ಬಿಬ್ಬಾದ. ಅವನ ಕಿವಿಗೆ ‘ನಂಗ್’ ಅಂದರೆ ‘ನನಗೆ’. ಈ ಅಮ್ಮ ತನಗೆ ಬೇಕು ಅಂತಿದ್ದಾರೋ, ನನಗೆ ಬೇಕಾ ಅಂತ ಕೇಳ್ತಿದ್ದಾರೋ ಎಂದು ನನ್ನ ಮುಖ ನೋಡಿದ. ನಾನು ಬುಟ್ಟಿಯ ಕಡೆ ಕೈ ತೋರಿಸಿದೆ. ಎಲೆಯ ಹಾಗೆ ಚಪ್ಪಟೆಯಾದ, ಕೆಸರಿನ ಬಣ್ಣದ, ಒಂದು ಗೇಣೂ ಇಲ್ಲದ ಮೀನುಗಳು ಒಂದರ ಮೇಲೊಂದು ಬಿದ್ದಿದ್ದವು. “ಇದಕ್ಕೆ ಯಾರೋ ರೋಲರ್ ಹತ್ತಿಸಿದ್ದಾರಲ್ಲೋ!” ಅಂದ.

ನಂಗು ಮೀನಿಗೆ ಕೊಂಕಣಿಯಲ್ಲಿ ಲೇಪೊ, ಕೇರಳದಲ್ಲಿ ಮಾಂತಳ್ ಎಂಬ ಹೆಸರುಗಳಿವೆ. ವಿಜ್ಞಾನದ ಹೆಸರು ಸೈನೋಗ್ಲಾಸಸ್ ಮ್ಯಾಕ್ರೊಸ್ಟೋಮಸ್. ಸೈನೋಗ್ಲಾಸಸ್ ಅಂದರೆ ಗ್ರೀಕಿನಲ್ಲಿ ನಾಯಿ ನಾಲಿಗೆ. ಹೆಸರಿಟ್ಟವರು ಮೀನನ್ನು ಸರಿಯಾಗಿಯೇ ನೋಡಿದ್ದಾರೆ ಬಿಡಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ, ಅದರಲ್ಲೂ ಮಲಬಾರ್ ಮತ್ತು ಕೆನರಾ ತೀರದಲ್ಲಿ, ಚಪ್ಪಟೆ ಮೀನು ಎಂದು ಬಲೆಗೆ ಬೀಳುವುದರಲ್ಲಿ ದೊಡ್ಡ ಪಾಲು ಇದರದ್ದೇ.

ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿದ ಮೇಲೆ ಕೆಲವು ವರ್ಷ ದಕ್ಕೆಯಲ್ಲಿ, ಅಂದರೆ ಬೋಟುಗಳು ಮೀನು ಇಳಿಸುವ ಜಾಗದಲ್ಲಿ, ನಂಗಿನ ರಾಶಿ ಬೀಳುತ್ತದೆ. ಮೊಬೈಲಿನಲ್ಲಿ ಫೋಟೋ ಓಡಾಡುತ್ತದೆ. “ಈ ಸಲ ಕಡಲಲ್ಲಿ ಮೀನು ಜಾಸ್ತಿ ಉಂಟು ಮಾರಾಯ್ರೆ” ಎಂಬ ಮಾತು ಶುರುವಾಗುತ್ತದೆ. ಇನ್ನು ಕೆಲವು ವರ್ಷ ನಂಗಿನ ಸುಳಿವೇ ಇರುವುದಿಲ್ಲ. ಆಗ ಬೈಗುಳ ಶುರು. ಈ ಎರಡೂ ಮಾತು ಅರ್ಧ ತಪ್ಪು ಎಂದು ನನಗನ್ನಿಸುತ್ತದೆ. ರಾಶಿ ಸಿಕ್ಕಿತು ಅಂದರೆ ಕಡಲಲ್ಲಿ ರಾಶಿ ಇದೆ ಅಂತಲ್ಲ. ಒಮ್ಮೊಮ್ಮೆ ಮೀನಿಗೆ ಬೇರೆ ಕಡೆ ಹೋಗಲು ಜಾಗ ಇಲ್ಲದ್ದಕ್ಕೇ ರಾಶಿ ಸಿಗುತ್ತದೆ. ಅದು ಹೇಗೆ ಎಂದು ತಿಳಿಯಬೇಕಾದರೆ ಮೊದಲು ಈ ಮೀನಿನ ಮೈಯನ್ನೂ ಅದು ಮಲಗುವ ಕೆಸರನ್ನೂ ನೋಡಬೇಕು.

ಒಂದು ನಂಗನ್ನು ಕೈಗೆ ತೆಗೆದುಕೊಳ್ಳಿ. ಒಂದು ಬದಿ ಕಂದು, ಇನ್ನೊಂದು ಬದಿ ಬಿಳಿ. ಕಂದು ಬದಿಯನ್ನು ಬೆನ್ನು, ಬಿಳಿ ಬದಿಯನ್ನು ಹೊಟ್ಟೆ ಎಂದುಕೊಳ್ಳುವವರೇ ಜಾಸ್ತಿ. ಅಲ್ಲ. ಕಂದು ಇರುವುದು ಅದರ ಎಡಗೆನ್ನೆ, ಎಡಪಕ್ಕೆ. ಬಿಳಿ ಇರುವುದು ಬಲಪಕ್ಕೆ. ಜೀವಮಾನವಿಡೀ ಬಲಮಗ್ಗುಲಲ್ಲಿ ಮಲಗಿರುವ ಮೀನು ಇದು. ಎರಡು ಕಣ್ಣೂ ಎಡಬದಿಯಲ್ಲೇ, ಸಾಸಿವೆ ಕಾಳಿನಷ್ಟು ಸಣ್ಣವು, ಒಂದರ ಪಕ್ಕ ಒಂದು. ಮೂತಿ ಕೊಕ್ಕೆಯ ಹಾಗೆ ಕೆಳಗೆ ಬಾಗಿದೆ, ಬಾಯಿ ಸೊಟ್ಟ. ಬೇರೆ ಮೀನಿಗೆ ಕಿವಿರಿನ ಹಿಂದೆ ಬೀಸಣಿಗೆಯ ಹಾಗಿರುವ ಎರಡು ರೆಕ್ಕೆಗಳು ಇದಕ್ಕೆ ಇಲ್ಲವೇ ಇಲ್ಲ. ಬದಲಿಗೆ ಮೈ ಸುತ್ತ ಸೀರೆಯ ಅಂಚಿನ ಹಾಗೆ ಒಂದೇ ರೆಕ್ಕೆ. ಬೆನ್ನಿನದು ಬಾಲಕ್ಕೆ ಸೇರಿ, ಬಾಲದ್ದು ಹೊಟ್ಟೆಯದಕ್ಕೆ ಸೇರಿ ಓಡುತ್ತದೆ. ಆ ಅಂಚನ್ನು ಅಲೆಯಾಡಿಸಿಕೊಂಡು ತಳದ ಮೇಲೆ ತೆವಳುತ್ತದೆ. ಎರಡು ಸಲ ಮೈ ಅಲುಗಿಸಿದರೆ ಸಾಕು, ಕೆಸರು ಮೇಲೆದ್ದು ಮೈಮೇಲೆ ಕೂತು, ಕಣ್ಣು ಮಾತ್ರ ಹೊರಗೆ ಉಳಿಯುತ್ತದೆ.

ಇದರ ಚರ್ಮ ದೊರಗು. ಹಾಗಾಗಿ ನಮ್ಮ ಕಡೆ ನಂಗನ್ನು ಚರ್ಮ ಸುಲಿಯದೆ ಪದಾರ್ಥ ಮಾಡುವುದು ಕಡಿಮೆ. ನನ್ನ ಅಮ್ಮ ತಲೆಯ ಹತ್ತಿರ ಕತ್ತಿಯಿಂದ ಸಣ್ಣ ಗೀರು ಹಾಕಿ, ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡು, ಚರ್ಮದ ತುದಿ ಹಿಡಿದು ಬಾಲದ ಕಡೆ ಒಂದೇ ಎಳೆತ ಎಳೆಯುತ್ತಿದ್ದರು. ಚರ್ರ್ ಎಂಬ ಸದ್ದು. ಬಾಳೆಲೆಯ ನಾರು ಸೀಳಿದ ಹಾಗೆ ಪೂರ್ತಿ ಚರ್ಮ ಬಿಟ್ಟುಕೊಂಡು ಬರುತ್ತಿತ್ತು. ಈಗ ಬೂದಿ ಎಲ್ಲಿ, ಕಲ್ಲುಪ್ಪು ಹಚ್ಚಿಕೊಳ್ಳುತ್ತೇವೆ. ಆ ಚರ್ಮವನ್ನು ನಾಯಿಯೂ ಮೂಸಿ ಬಿಡುತ್ತಿತ್ತು. ನಾಯಿ ಬಿಟ್ಟ ಆ ಚರ್ಮದಲ್ಲೇ ಈ ಮೀನಿನ ಚರಿತ್ರೆ ಇತ್ತು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷ ಆದಮೇಲೆ. ಅದನ್ನು ಮುಂದೆ ಹೇಳುತ್ತೇನೆ.

ಹುಟ್ಟುವಾಗ ನಂಗು ಹೀಗಿರುವುದಿಲ್ಲ. ಮೊಟ್ಟೆ ನೀರಿನಲ್ಲಿ ತೇಲುತ್ತದೆ. ಮರಿ ಕೂಡ ಉಳಿದ ಮೀನಿನ ಮರಿಯ ಹಾಗೆ ನೆಟ್ಟಗೆ ಈಜುತ್ತದೆ, ಆ ಕಡೆ ಒಂದು, ಈ ಕಡೆ ಒಂದು ಕಣ್ಣು. ಆಮೇಲೆ ಬಲಗಣ್ಣು ಜಾಗ ಬಿಟ್ಟು ಹೊರಡುತ್ತದೆ. ತಲೆ ದಾಟಿ ಎಡಬದಿಗೆ ಬಂದು ಕೂರುತ್ತದೆ. ತಲೆಬುರುಡೆ ತಿರುಚಿಕೊಳ್ಳುತ್ತದೆ. ಮರಿ ಮಗ್ಗುಲಾಗಿ ವಾಲಿ ತಳಕ್ಕೆ ಇಳಿಯುತ್ತದೆ. 1871ರಲ್ಲಿ ಸೇಂಟ್ ಜಾರ್ಜ್ ಮೈವಾರ್ಟ್ ಎಂಬ ವಿಜ್ಞಾನಿ ಇದನ್ನೇ ಹಿಡಿದು, ಜೀವಿಗಳು ಹಂತ ಹಂತವಾಗಿ ಬದಲಾದವು ಎನ್ನುತ್ತಿದ್ದ ಡಾರ್ವಿನ್‌ಗೆ ಪೀಡಿಸಿದ್ದ: ಕಣ್ಣು ಅರ್ಧ ದಾರಿ ಬಂದರೆ ಯಾರಿಗೆ ಏನು ಲಾಭ? ಉತ್ತರ ಕಲ್ಲಿನಲ್ಲಿ ಸಿಗಲು 2008 ಆಗಬೇಕಾಯಿತು. ಇಟಲಿಯ ಮೊಂಟೆ ಬೋಲ್ಕಾದ ಸುಮಾರು 5 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳಲ್ಲಿ ಕಣ್ಣು ನಿಜವಾಗಿ ಅರ್ಧ ದಾರಿಯಲ್ಲೇ ನಿಂತ ಬೆಳೆದ ಮೀನುಗಳನ್ನು ಮ್ಯಾಟ್ ಫ್ರೀಡ್‌ಮನ್ ಗುರುತಿಸಿದರು. ಅರ್ಧ ದಾರಿಯ ಕಣ್ಣಿನಲ್ಲೂ ಅವು ಬದುಕಿದ್ದವು.

ಇಷ್ಟೆಲ್ಲ ಕಷ್ಟಪಟ್ಟು ತಳಕ್ಕೆ ಇಳಿಯುವುದು ಯಾತಕ್ಕೆ? ಕೆಸರಿಗೆ. ದಡದಲ್ಲಿ ನಿಂತವರಿಗೆ ಕಡಲತಳ ಅಂದರೆ ಮರಳು. ಆದರೆ ನಮ್ಮ ದಡದ ಮರಳು ಸ್ವಲ್ಪ ದೂರಕ್ಕೆ ಮುಗಿದುಬಿಡುತ್ತದೆ. ಅಲ್ಲಿಂದ ಮುಂದೆ ಹತ್ತಾರು ಮೀಟರ್ ಆಳದವರೆಗೆ ನುಣ್ಣನೆಯ ಕೆಸರು, ಕಾಳಿ, ಶರಾವತಿ, ನೇತ್ರಾವತಿಯಂಥ ನದಿಗಳು ಘಟ್ಟದಿಂದ ಹೊತ್ತು ತಂದ ಮಣ್ಣು. ಅದನ್ನೂ ದಾಟಿದರೆ ಮತ್ತೆ ಮರಳು, ಅದು ಹಳೆಯ ಕಾಲದ್ದು. ನಡುವಿನ ಈ ಕೆಸರುಪಟ್ಟಿಯೇ ನಂಗಿನ ಮನೆ. ಹವಳ ಇಲ್ಲ, ಬಣ್ಣ ಇಲ್ಲ, ಫೋಟೋಕ್ಕೆ ಸಿಗುವುದು ಏನೂ ಇಲ್ಲ. ಅದಕ್ಕೇ ಇದನ್ನು ಉಳಿಸಿ ಎಂದು ಯಾರೂ ಬೋರ್ಡು ಹಿಡಿದು ನಿಲ್ಲುವುದಿಲ್ಲ.

ಆದರೆ ಕೆಸರಿನ ಒಳಗೆ ಜೀವ ಗಿಜಿಗುಡುತ್ತದೆ. ಮುಖ್ಯವಾಗಿ ಹುಳುಗಳು. ನಮ್ಮ ಎರೆಹುಳುವಿನ ದೂರದ ನೆಂಟರು, ಮೈಗೆ ಕುಚ್ಚು ಕುಚ್ಚು ಕೂದಲಿನಂಥ ಮುಳ್ಳು, ಕೆಸರಿನಲ್ಲಿ ಕೊಳವೆ ಮಾಡಿಕೊಂಡು ಇರುವವು. ನಂಗಿನ ಹೊಟ್ಟೆ ಸೀಳಿ ನೋಡಿದವರು ಪ್ರಯನೋಸ್ಪಿಯೊ ಎಂಬ ಸಣ್ಣ ಹುಳುವಿನ ಹೆಸರನ್ನು ಮತ್ತೆ ಮತ್ತೆ ಬರೆದಿದ್ದಾರೆ. ನಂಗು ಅದನ್ನು ಕಣ್ಣಿನಿಂದ ಹುಡುಕುವುದಕ್ಕಿಂತ ಮೂಗು ಮತ್ತು ಸ್ಪರ್ಶದಿಂದ ಹುಡುಕುವುದು ಜಾಸ್ತಿ. ಅದರ ಬಿಳಿ ಬದಿಯ ಕೆನ್ನೆಯಲ್ಲಿ ಸಣ್ಣ ಸಣ್ಣ ಕುಚ್ಚುಗಳಿವೆ. ಕೆಸರಿಗೆ ಕೆನ್ನೆ ಒತ್ತಿ ಒಳಗೆ ಏನು ಅಲುಗಿತು ಎಂದು ತಿಳಿಯುವ ಮೀನು ಅದು.

ಈಗ ಆ ಚರ್ಮದ ಕತೆ. ಕೋಳಿಕ್ಕೋಡಿನಲ್ಲಿ ಜಿ. ಶೇಷಪ್ಪ ಮತ್ತು ಬಿ.ಎಸ್. ಭೀಮಾಚಾರ್ ಎಂಬ ಇಬ್ಬರು ವಿಜ್ಞಾನಿಗಳು 1950ರ ದಶಕದ ಮೊದಲ ಭಾಗದಲ್ಲಿ ಈ ಮೀನಿನ ಹಿಂದೆ ಬಿದ್ದಿದ್ದರು. ಅವರಿದ್ದ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಆಗಿನ್ನೂ ಎಳೆಯದು, 1947ರಲ್ಲಿ ಹುಟ್ಟಿದ್ದು. ಉಷ್ಣವಲಯದ ಮೀನಿಗೆ ವಯಸ್ಸು ಹೇಳುವುದು ಕಷ್ಟ ಎಂಬ ನಂಬಿಕೆ ಆಗ ಇತ್ತು. ಚಳಿ ದೇಶದಲ್ಲಿ ಚಳಿಗಾಲದಲ್ಲಿ ಬೆಳವಣಿಗೆ ನಿಂತು ಮೀನಿನ ಚರ್ಮದ ಹುರುಪೆಯ ಮೇಲೆ ಮರದ ಉಂಗುರದ ಹಾಗೆ ಗೆರೆ ಬೀಳುತ್ತದೆ. ನಮ್ಮಲ್ಲಿ ಚಳಿಗಾಲ ಎಲ್ಲಿ? ಇವರು ನಂಗಿನ ಹುರುಪೆ ತೆಗೆದು ನೋಡಿದರೆ ಅಲ್ಲೂ ಗೆರೆ ಇತ್ತು. ಅದು ಮಳೆಗಾಲದ ಗೆರೆ. ಆ ತಿಂಗಳುಗಳಲ್ಲಿ ಮೀನಿಗೆ ಊಟ ಕಡಿಮೆ, ಹಾಗಾಗಿ ಬೆಳವಣಿಗೆ ನಿಲ್ಲುತ್ತದೆ ಎಂದು ಅವರು ಹೇಳಿದರು. ದಡದ ಹತ್ತಿರದ ಕೆಸರಿನ ಹುಳುಗಳು ಮಳೆಗಾಲದಲ್ಲಿ ಸೊರಗಿ, ಮಳೆ ಮುಗಿದ ಮೇಲೆ ಮತ್ತೆ ತುಂಬಿಕೊಳ್ಳುವುದನ್ನೂ ಶೇಷಪ್ಪ ಬರೆದಿಟ್ಟರು. ಅಮ್ಮ ಸುಲಿದು ಎಸೆಯುತ್ತಿದ್ದ ಚರ್ಮದಲ್ಲಿ ಕಳೆದ ಆಷಾಢದ ಹಸಿವು ಗೆರೆಯಾಗಿ ಕೂತಿತ್ತು.

ಒಂದು ತಮಾಷೆ. ಅವರು ಆಗ ಈ ಮೀನನ್ನು ಬೇರೆ ಹೆಸರಿನಲ್ಲಿ, ಸೈನೋಗ್ಲಾಸಸ್ ಸೆಮಿಫೇಸಿಯೇಟಸ್ ಎಂದು ಕರೆದಿದ್ದರು. ಹೆಸರು ಆಮೇಲೆ ಸರಿಹೋಯಿತು. ಬುಟ್ಟಿಯ ಅಕ್ಕಂದಿರಿಗೆ ಈ ಗೊಂದಲ ಇರಲೇ ಇಲ್ಲ.

ಮಳೆಗಾಲದಲ್ಲಿ ತಳದಲ್ಲಿ ಊಟ ಮಾತ್ರ ಅಲ್ಲ, ಉಸಿರೂ ಕಡಿಮೆ. ನೈಋತ್ಯ ಮಾರುತದ ದಿನಗಳಲ್ಲಿ ಗಾಳಿ ಮತ್ತು ಪ್ರವಾಹದ ಎಳೆತಕ್ಕೆ ಆಳದ ತಣ್ಣಗಿನ ನೀರು ನಿಧಾನಕ್ಕೆ ಮೇಲೇರಿ ಕರಾವಳಿಯ ಕಡೆ ಬರುತ್ತದೆ. ಅದರಲ್ಲಿ ಗೊಬ್ಬರದಂಥ ಸಾರ ಜಾಸ್ತಿ, ಆಮ್ಲಜನಕ ಕಡಿಮೆ. ಸಾರ ಇರುವುದಕ್ಕೇ ಮೇಲಿನ ನೀರಿನಲ್ಲಿ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆದು ಬೂತಾಯಿ, ಬಂಗುಡೆ ಮೀನುಗಳಿಗೆ ಹಬ್ಬ. ಆ ಸಸ್ಯಗಳು ಸತ್ತು ತಳಕ್ಕೆ ಬಿದ್ದು ಕೊಳೆಯುವಾಗ ಇದ್ದ ಚೂರು ಆಮ್ಲಜನಕವೂ ಖಾಲಿ. ಮೇಲಿನಿಂದ ಗಾಳಿ ಬೆರೆಯಲಿ ಎಂದರೆ ಮಳೆ ನೀರು, ಹೊಳೆ ನೀರು ಹಗುರವಾಗಿ ಮುಚ್ಚಳದ ಹಾಗೆ ಮೇಲೆ ಕೂತಿರುತ್ತದೆ. ಮುಚ್ಚಿದ ಪಾತ್ರೆಯೊಳಗೆ ಅನ್ನ ಹಳಸಿದ ಹಾಗೆ.

ಕಾರ್ಲ್ ಬಾನ್ಸೆ ಎಂಬ ವಿಜ್ಞಾನಿ ಕೊಚ್ಚಿಯ ಕಡಲಿನಲ್ಲಿ ಇದನ್ನು ಗಮನಿಸಿ 1959ರಲ್ಲೇ ಬರೆದಿದ್ದರು: ಈ ನೀರು ತಳಕ್ಕೆ ಬಂದಾಗ ತಳ ಬಾಚುವ ಟ್ರಾಲ್ ಬಲೆಗೆ ಮೀನು ಸಿಗುವುದಿಲ್ಲ, ಮೀನು ಜಾಗ ಖಾಲಿ ಮಾಡಿರುತ್ತದೆ. 1999ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಜೊತೆಗಾರರು ಅಳೆದಾಗ ತಳದ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಸಿಕ್ಕಿತು, ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಅಂದರೆ ಆಮ್ಲಜನಕ ಪೂರ್ತಿ ಮುಗಿದಿತ್ತು. ಭಾರತದ ಪಶ್ಚಿಮ ತೀರದಲ್ಲಿ ಹೀಗೆ ಉಸಿರು ಕಟ್ಟುವ ಜಾಗ ಸುಮಾರು 1.8 ಲಕ್ಷ ಚದರ ಕಿ.ಮೀ. ಎಂದು ಅವರು ಲೆಕ್ಕ ಹಾಕಿದರು. ಕರ್ನಾಟಕ ರಾಜ್ಯದ ವಿಸ್ತೀರ್ಣ 1.92 ಲಕ್ಷ ಚದರ ಕಿ.ಮೀ. ಹೆಚ್ಚುಕಡಿಮೆ ನಮ್ಮ ರಾಜ್ಯದಷ್ಟು ಕಡಲತಳ! ಇದು ಹೊಲದ ಗೊಬ್ಬರ ತೊಳೆದು ಬಂದು ಹೆಚ್ಚಾಯಿತೋ, ಗಾಳಿ ಪ್ರವಾಹಗಳ ಏರಿಳಿತವೇ ಸಾಕೋ ಎಂಬ ವಾದ ವಿಜ್ಞಾನಿಗಳ ನಡುವೆ ನಡೆಯುತ್ತಲೇ ಇದೆ. ಉಸಿರು ಕಟ್ಟುವುದಂತೂ ವರ್ಷ ವರ್ಷದ ಮಾತು.

ಈಗ ರಾಶಿಯ ವಿಷಯಕ್ಕೆ ಬರೋಣ. ಬೂತಾಯಿಗೆ ಉಸಿರು ಕಟ್ಟಿದರೆ ನಾಲ್ಕು ಮಾರು ಮೇಲೆ ಈಜಿದರೆ ಆಯ್ತು. ನಂಗು ಮೇಲೆ ಹೋಗಿ ಏನು ಮಾಡುತ್ತದೆ? ಅದರ ಮೈ ಮಲಗಲಿಕ್ಕೆ ಮಾಡಿದ್ದು, ಊಟ ಇರುವುದು ಕೆಸರಿನಲ್ಲಿ. ಅದು ಪಕ್ಕಕ್ಕೇ ಸರಿಯಬೇಕು, ತಳದಲ್ಲೇ, ಆಮ್ಲಜನಕ ಉಳಿದಿರುವ ಕಡೆಗೆ. ಅಲೆ ಹೊಡೆದು ನೀರು ಕಲಕುವ ದಡದ ಹತ್ತಿರದ ಆಳವಿಲ್ಲದ ಪಟ್ಟಿ ಅಂಥ ಒಂದು ಜಾಗ. ಹತ್ತು ಎಕರೆಯಲ್ಲಿ ಹರಡಿದ್ದ ದನಗಳನ್ನು ಒಂದೇ ಕೊಟ್ಟಿಗೆಗೆ ನೂಕಿದ ಹಾಗೆ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡಿದವನಿಗೆ ‘ಅಬ್ಬ, ಎಷ್ಟು ದನ!’ ಅನ್ನಿಸುತ್ತದೆ, ಅಲ್ವಾ?

ಎಲ್ಲ ವರ್ಷದ ರಾಶಿಗೂ ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ. ನಂಗು ಬೇಗ ಬೆಳೆಯುತ್ತದೆ. ಬಲೆಗೆ ಬೀಳುವುದರಲ್ಲಿ ಹೆಚ್ಚಿನವು ಒಂದು, ಅಬ್ಬಬ್ಬಾ ಅಂದರೆ ಎರಡು ವರ್ಷದವು. ಹೋದ ವರ್ಷ ಮರಿ ಚೆನ್ನಾಗಿ ಉಳಿದಿದ್ದರೆ ಈ ವರ್ಷ ನಿಜವಾಗಿಯೇ ಮೀನು ಜಾಸ್ತಿ ಇರಬಹುದು. ತೊಂದರೆ ಏನು ಅಂದರೆ, ನಿಜವಾದ ಸುಗ್ಗಿ ಮತ್ತು ಕೊಟ್ಟಿಗೆಯ ಸುಗ್ಗಿ ದಕ್ಕೆಯ ರಾಶಿಯಲ್ಲಿ ಒಂದೇ ಥರ ಕಾಣುತ್ತವೆ. ಎಷ್ಟು ಟನ್ ಬಂತು ಎಂಬ ಲೆಕ್ಕ ಎರಡನ್ನೂ ಬೇರೆ ಮಾಡುವುದಿಲ್ಲ. ಎಷ್ಟು ಗಂಟೆ ಬಲೆ ಎಳೆದರು, ಎಷ್ಟು ಆಳದಲ್ಲಿ, ಆ ದಿನ ತಳದ ನೀರಿನಲ್ಲಿ ಆಮ್ಲಜನಕ ಎಷ್ಟಿತ್ತು ಎಂಬುದನ್ನೂ ಪಕ್ಕದಲ್ಲಿ ಬರೆದರೆ ಮಾತ್ರ ಟನ್ನಿಗೆ ಅರ್ಥ ಬರುತ್ತದೆ.

ಕಾನೂನಿನ ಕ್ಯಾಲೆಂಡರ್ ಬೇರೆ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಕರ್ನಾಟಕದಲ್ಲಿ 10 ಎಚ್‌ಪಿ ಒಳಗಿನ ನಾಡದೋಣಿಗೆ ವಿನಾಯಿತಿ ಇದೆ. ಮೀನು ಮೊಟ್ಟೆ ಇಡುವ ಕಾಲ, ಅದಕ್ಕೇ ರಜೆ ಎಂದು ಎಲ್ಲರೂ ಹೇಳುತ್ತಾರೆ. ಕಡಲ ಅಬ್ಬರದಲ್ಲಿ ಜೀವ ಉಳಿಸುವ ರಜೆಯೂ ಹೌದು. ಎಷ್ಟೋ ಮೀನಿಗೆ ಇದು ಸರಿಯಾದ ಕಾಲವೇ. ಆದರೆ ನಂಗು ಮೊಟ್ಟೆ ಇಡುವುದು ಮುಖ್ಯವಾಗಿ ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್‌ನಿಂದ ಮುಂದಿನ ತಿಂಗಳುಗಳಲ್ಲಿ. ತಳದ ಉಸಿರು ತೀರಾ ಕೆಡುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಅಂದರೆ ಮೀನು ಕೊಟ್ಟಿಗೆಯೊಳಗೆ ಸಿಕ್ಕಿಬಿದ್ದಿರುವ, ಮೊಟ್ಟೆ ಕಟ್ಟುತ್ತಿರುವ ಹೊತ್ತಿಗೆ ಸರಿಯಾಗಿ ಬೋಟುಗಳು ಎರಡು ತಿಂಗಳ ಸಾಲ ತೀರಿಸುವ ಅವಸರದಲ್ಲಿ ಹೊರಟಿರುತ್ತವೆ. ಅದರಲ್ಲೂ ಬೆಳಿಗ್ಗೆ ಹೋಗಿ ಸಂಜೆ ಬರುವ ಸಣ್ಣ ಟ್ರಾಲ್ ಬೋಟುಗಳು. ಅವು ದೂರ ಹೋಗುವುದಿಲ್ಲ. ಸಿಗಡಿಗೆಂದು ಈ ಕೆಸರುಪಟ್ಟಿಯಲ್ಲೇ ಬಲೆ ಎಳೆಯುತ್ತವೆ. ಸಿಗಡಿಯ ಬಲೆಯ ಕಣ್ಣು ಸಣ್ಣದು, ನಂಗು ಜೊತೆಯಲ್ಲಿ ಬರುತ್ತದೆ.

ಹಾಗಂತ ರಜೆಯನ್ನು ಅಕ್ಟೋಬರ್‌ವರೆಗೆ ಎಳೆಯಿರಿ ಎಂದು ನಾನು ಹೇಳಿದರೆ ದಕ್ಕೆಯಲ್ಲಿ ನನ್ನ ಮೇಲೆ ಮೀನಿನ ನೀರು ಎರಚುತ್ತಾರೆ. ಎರಚಬೇಕಾದದ್ದೇ. ಒಂದು ಮೀನಿಗಾಗಿ ಇಡೀ ಕಡಲು ಮುಚ್ಚಲಾಗುವುದಿಲ್ಲ. ಆದರೆ ಇಡೀ ಕಡಲಿಗೆ ಒಂದೇ ಬೀಗ, ಒಂದೇ ಕೀ ಎಂಬ ಲೆಕ್ಕ ತಳದ ಮೀನಿಗೆ ಕೂರುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಎರಡು ತಿಂಗಳು ಆಳವಿಲ್ಲದ ಪಟ್ಟಿಯಲ್ಲಿ ಟ್ರಾಲ್ ಬಲೆ ಬೇಡ ಎಂಬಷ್ಟನ್ನು ಗಟ್ಟಿಯಾಗಿ ಪಾಲಿಸಿದರೂ ಬೇಕಾದಷ್ಟಾಯಿತು. ಹೊಸ ಕಾನೂನೂ ಬೇಡ. ಕರ್ನಾಟಕದ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯೇ ದಡದ ಹತ್ತಿರದ ನೀರನ್ನು ನಾಡದೋಣಿಯವರಿಗೆ ಬಿಟ್ಟುಕೊಟ್ಟಿದೆ. ಕಾಗದದಲ್ಲಿ.

ಬಲೆಯ ಕಣ್ಣಿನ ವಿಷಯದಲ್ಲಿ ಒಂದು ಸ್ವಾರಸ್ಯ ಇದೆ. ಟ್ರಾಲ್ ಬಲೆಯ ಕೊನೆಯ ಚೀಲಕ್ಕೆ 35 ಮಿ.ಮೀ. ಚೌಕ ಕಣ್ಣು ಇರಲಿ, ಮರಿಗಳು ತಪ್ಪಿಸಿಕೊಳ್ಳಲಿ ಎಂಬ ಸಲಹೆ ಹಳೆಯದು. ಸಾಮಾನ್ಯ ಬಲೆಯ ಕಣ್ಣು ವಜ್ರದ ಆಕಾರದ್ದು. ಎಳೆದಾಗ ಬಿಗಿದು ಸೀಳಿನ ಹಾಗೆ ಮುಚ್ಚಿಕೊಳ್ಳುತ್ತದೆ. ಚೌಕ ಕಣ್ಣು ತೆರೆದೇ ಇರುತ್ತದೆ. ದುಂಡು ಮೈಯ ಮದಿಮಾಳ್ ಮೀನಿನ ಮರಿಗೆ ಇದು ಒಳ್ಳೆಯದು. ಆದರೆ ಚಪ್ಪಟೆ ಮೀನಿಗೆ ಸೀಳೇ ಬಾಗಿಲು! ಅಂಚೆ ಡಬ್ಬಿಯ ಸೀಳಿನಲ್ಲಿ ಕಾಗದ ತೂರಿದ ಹಾಗೆ ಅದು ವಜ್ರದ ಕಣ್ಣಿನಲ್ಲಿ ಸುಲಭವಾಗಿ ಜಾರುತ್ತದೆ. ಬೇರೆ ಕಡಲುಗಳ ಬಲೆ ಪ್ರಯೋಗಗಳಲ್ಲಿ ಇದು ಚೆನ್ನಾಗಿ ಗೊತ್ತಾಗಿರುವ ಮಾತು. ಹಾಗಾದರೆ ಚೌಕ ಕಣ್ಣು ಬೇಡವೇ? ಬೇಕು, ದುಂಡು ಮೀನೇ ಹೆಚ್ಚಲ್ಲವೇ. ನಂಗಿಗೆ ಮಾತ್ರ ಆಕಾರಕ್ಕಿಂತ ಕಣ್ಣಿನ ಅಳತೆಯೇ ಮುಖ್ಯವಾಗುತ್ತದೆ.

ಮರಿ ಬಲೆಗೆ ಬಿದ್ದರೆ ಎಲ್ಲಿಗೆ ಹೋಗುತ್ತದೆ? ಹಿಂದೆ ಕಡಲಿಗೆ ಎಸೆಯುತ್ತಿದ್ದರು. ಈಗ ತರುತ್ತಾರೆ, ಕೊಳ್ಳುವವರಿದ್ದಾರೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಮೀನನ್ನು ಒಣಗಿಸಿ ಪುಡಿ ಮಾಡುವ, ಎಣ್ಣೆ ತೆಗೆಯುವ ಮಿಲ್ಲುಗಳು ಸಾಕಷ್ಟಿವೆ. ಸಿಗಡಿ ಸಾಕಣೆಗೆ, ಕೋಳಿ ಫೀಡಿಗೆ ಆ ಪುಡಿ ಬೇಕು. ಎರಡು ಬೆರಳಗಲದ ನಂಗು, ಏಡಿ ಮರಿ, ಹೆಸರೇ ಗೊತ್ತಿಲ್ಲದ ಹತ್ತಾರು ಜೀವ, ಎಲ್ಲವೂ ಒಂದೇ ಕೆಸರು ಮುದ್ದೆಯಾಗಿ ಲಾರಿ ಹತ್ತುತ್ತವೆ. ಕೇರಳ 2015ರಲ್ಲಿ ಮೊದಲು 14, ಆಮೇಲೆ ಇನ್ನೂ 44 ಸೇರಿಸಿ 58 ಜಾತಿಗೆ ಇಷ್ಟಕ್ಕಿಂತ ಚಿಕ್ಕದನ್ನು ಹಿಡಿಯಬಾರದು ಎಂದು ಅಳತೆ ಗೊತ್ತುಮಾಡಿತು. ಮುದ್ದೆಯಲ್ಲಿ ಅಳತೆಪಟ್ಟಿ ಇಟ್ಟು ಯಾರು ನೋಡುತ್ತಾರೆ ಎಂಬುದು ಬೇರೆ ಪ್ರಶ್ನೆ.

ಟ್ರಾಲ್ ಬಲೆ ಕೆಸರನ್ನು ಉತ್ತು ಹಾಕುತ್ತದೆ, ಅದರಿಂದ ಹುಳುಗಳೆಲ್ಲ ನಾಶ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ನಾನೂ ಹೇಳುತ್ತಿದ್ದೆ. ಯುರೋಪಿನ ಉತ್ತರ ಸಮುದ್ರದಲ್ಲಿ ಇದಕ್ಕೆ ಉಲ್ಟಾ ವಾದವೂ ನಡೆದಿದೆ. ಬಲೆ ಎಳೆದಲ್ಲಿ ನಿಧಾನಕ್ಕೆ ಬೆಳೆಯುವ ದೊಡ್ಡ ಜೀವಿಗಳು ಸಾಯುತ್ತವೆ, ಬೇಗ ಹುಟ್ಟಿ ಬೇಗ ಬೆಳೆಯುವ ಸಣ್ಣ ಹುಳುಗಳು ಆ ಜಾಗ ತುಂಬುತ್ತವೆ, ಅವನ್ನು ತಿನ್ನುವ ಚಪ್ಪಟೆ ಮೀನಿಗೆ ಊಟ ಹೆಚ್ಚೇ ಆಗಬಹುದು ಎಂಬುದು ಆ ವಾದ. ಒಂದು ಮಟ್ಟದವರೆಗೆ ಮಾತ್ರ. ಅದಕ್ಕಿಂತ ಜಾಸ್ತಿ ಎಳೆದರೆ ಅದೂ ಇಲ್ಲ. ಪ್ರಯನೋಸ್ಪಿಯೊದಂಥ ಹುಳು ಹೇಗೂ ಪ್ರತಿ ಮಳೆಗಾಲ ಸೋತು ಎದ್ದು ಅಭ್ಯಾಸವಾದದ್ದು. ಹಾಗಾಗಿ ನಂಗಿಗೆ ಟ್ರಾಲ್‌ನಿಂದ ಊಟ ತಪ್ಪುತ್ತದೆ ಎಂಬ ವಾದ ನನಗೆ ಅಷ್ಟು ಗಟ್ಟಿ ಕಾಣುವುದಿಲ್ಲ. ಮೊಟ್ಟೆ ಇಡುವ ಮೊದಲೇ, ಒಂದೇ ಜಾಗದಲ್ಲಿ ಒತ್ತಿಕೊಂಡಿರುವಾಗಲೇ, ಬಾಚಿಕೊಳ್ಳುತ್ತೇವೆ ಎಂಬುದು ಗಟ್ಟಿ.

ಹೋದ ನವೆಂಬರ್‌ನಲ್ಲಿ ಅದೇ ಮಾರ್ಕೆಟ್ಟಿನಲ್ಲಿ ಅದೇ ಅಕ್ಕ ಒಂದು ನಂಗನ್ನು ಬಾಲ ಹಿಡಿದೆತ್ತಿ ಬೆಳಕಿಗೆ ಒಡ್ಡಿ ತೋರಿಸಿದರು. ತೆಳ್ಳಗಿನ ಬಿಳಿ ಮೈಯ ಒಳಗೆ ಬಾಲದ ಕಡೆಗೆ ಉದ್ದಕ್ಕೆ ಅರಿಶಿನ ಬಣ್ಣದ ಗೆರೆ. ಚಪ್ಪಟೆ ಮೀನಿಗೆ ಹೊಟ್ಟೆಯಲ್ಲಿ ಜಾಗ ಸಾಲುವುದಿಲ್ಲ, ಮೊಟ್ಟೆಚೀಲ ಹಿಂದಕ್ಕೆ ಮಾಂಸದ ನಡುವೆ ಚಾಚಿಕೊಳ್ಳುತ್ತದೆ.

“ನೋಡಿ ಅಣ್ಣ, ಮೊಟ್ಟೆ ಉಂಟು. ಎಲ್ಲದರಲ್ಲೂ ಉಂಟು. ಹತ್ತು ರೂಪಾಯಿ ಜಾಸ್ತಿ ಕೊಡಿ, ಚರ್ಮ ನಾನೇ ತೆಗೆದು ಕೊಡ್ತೇನೆ.”

ಕೊಟ್ಟೆ.